ಕೌದಿ ಹಿಡಿದು ನಿಂತು ಕಂಡ ಕಠಾರಿ

ನಾನು ನಿಂತದ್ದು ಅಳವಂಡಿಯ ಒಂದು ಕುಲುಮೆಯ ಬಾಗಿಲಲ್ಲಿ, ಹೊಸ್ತಿಲಿನಿಂದ ಒಳಕ್ಕೆ ಒಂದೇ ಹೆಜ್ಜೆ. ಬೆನ್ನು ಬೀದಿಗೆ, ಮುಖ ಬೆಂಕಿಗೆ. ಎರಡೂ ಕೈ ಚಾಚಿ, ಬೆನ್ನ ಹಿಂದೆ, ಹಳೆಯ ಬಟ್ಟೆ ಹೊಲಿದು ಮಾಡಿದ ಒಂದು ಕೌದಿಯನ್ನು ಹರಡಿ ಹಿಡಿದಿದ್ದೆ. ಹೋದ ಬೇಸಿಗೆಯ ಒಂದು ಬುಧವಾರ. ಎದುರು ಗೋಡೆಯ ಗಡಿಯಾರದಲ್ಲಿ ಮಧ್ಯಾಹ್ನದ ಎರಡಕ್ಕೆ ಹತ್ತು ನಿಮಿಷವಿತ್ತು. ಗಡಿಯಾರ ಐದು ನಿಮಿಷ ಮುಂದಿತ್ತೆಂದು ಆಮೇಲೆ ತಿಳಿಯಿತು.

ಸಂಜೆ ಐದಕ್ಕೆ ಕೊಪ್ಪಳದ ನಮ್ಮ ಮನೆಯಲ್ಲಿ ತಮ್ಮನಿಗೆ ಅರಿಶಿನ ಹಚ್ಚುವುದಿತ್ತು. ಅರಿಶಿನ ಹಚ್ಚಿದಾಗಿನಿಂದ ಮದುವೆ ಮುಗಿಯುವ ತನಕ ಮದುಮಗನ ಕೈಯಲ್ಲಿ ಕಠಾರಿ ಇರಬೇಕು, ಅದರ ತುದಿಗೆ ನಿಂಬೆಹಣ್ಣು ಚುಚ್ಚಿರಬೇಕು. ಬಾಡಿಗೆಗೆ ಸಿಗುವ ತಗಡಿನ ಕಠಾರಿ ನಮ್ಮ ಅತ್ತೆಗೆ, ಅಂದರೆ ಅಪ್ಪನ ಅಕ್ಕನಿಗೆ, ಆಗುವುದಿಲ್ಲ. ಕುಲುಮೆಯಲ್ಲಿ ಬಡಿದ, ಎರಡೂ ಬದಿಗೆ ಬಾಯಿರುವ ಮನೆತನದ ಕಠಾರಿಯೇ ಬೇಕು. ಅದಿಲ್ಲದಿದ್ದರೆ ಅರಿಶಿನದ ಬಟ್ಟಲನ್ನೇ ಮುಟ್ಟುವುದಿಲ್ಲ ಎನ್ನುವ ಹೆಂಗಸು.

ಆ ಕಠಾರಿಯನ್ನು ಕೊನೆಗೆ ಹಿಡಿದವನು ನಾನು, ನನ್ನ ಮದುವೆಯಲ್ಲಿ. ಮದುವೆ ಮುಗಿದ ಸಡಗರದಲ್ಲಿ ನಿಂಬೆಹಣ್ಣನ್ನು ಕೀಳದೆ ಹಾಗೆಯೇ ಬಟ್ಟೆ ಸುತ್ತಿ ಟ್ರಂಕಿನಲ್ಲಿಟ್ಟಿದ್ದೆ. ಆರು ವರ್ಷದ ಮೇಲೆ, ಮಂಗಳವಾರ ಸಂಜೆ ತೆಗೆದು ನೋಡಿದರೆ ಹಣ್ಣು ಒಣಗಿ ಅಡಕೆಯಷ್ಟಾಗಿತ್ತು. ಎಳೆದೆ. ಹಣ್ಣಿನ ಜೊತೆ ಎರಡು ಬೆರಳಿನಷ್ಟು ತುದಿಯೂ ಬಂತು. ಹುಳಿ ಒಳಗೊಳಗೇ ಕಬ್ಬಿಣವನ್ನು ತಿಂದಿತ್ತು. ಯಾರಿಗೂ ಹೇಳಲಿಲ್ಲ. ಬೆಳಿಗ್ಗೆ ಏಳೂವರೆಗೆಲ್ಲ ಅಳವಂಡಿಯಲ್ಲಿದ್ದೆ.

ಕಮ್ಮಾರ ಎಪ್ಪತ್ತರ ಹತ್ತಿರದವನು. ಮುರಿದದ್ದನ್ನು ಕಣ್ಣಿನ ಸಮೀಪ ತಂದು ನೋಡಿದ.

"ಲಿಂಬಿಹಣ್ಣು ಬಿಟ್ಟಿದ್ರೇನು?"

"ಬಿಟ್ಟಿದ್ದೆ ಕಾಕಾ."

"ಸಾಲಿ ಮಾಸ್ತರ್ರು," ಎಂದಳು ಅವನ ಹೆಂಡತಿ, ದೊಡ್ಡ ಸುತ್ತಿಗೆ ಎತ್ತಿಕೊಳ್ಳುತ್ತ. ನಾನು ಶಾಲೆಯ ಮಾಸ್ತರನೆಂದು ಬಂದ ಕೂಡಲೇ ಹೇಳಿಕೊಂಡಿದ್ದೆ.

ಹಳೆಯ ಜೀಪಿನ ಕಮಾನು ಪಟ್ಟಿಯನ್ನು ಕಾಯಿಸಿ ಎರಡು ತುಂಡು ಮಾಡಿದರು. ಒಂದು ಒಡೆದರೆ ಇನ್ನೊಂದಿರಲಿ ಎಂದು. ಅವನು ಇಕ್ಕಳದಲ್ಲಿ ಹಿಡಿದು ಸಣ್ಣ ಸುತ್ತಿಗೆಯಿಂದ ಜಾಗ ತೋರಿಸುತ್ತಿದ್ದ. ತೋರಿಸಿದಲ್ಲೇ ಅವಳ ಪೆಟ್ಟು ಬೀಳುತ್ತಿತ್ತು. ಒಂದು ಮಗ್ಗುಲು ಬಡಿದರೆ ಅಲಗು ಇನ್ನೊಂದು ಮಗ್ಗುಲಿಗೆ ಬಾಗುತ್ತದೆ. ಆದ್ದರಿಂದ ಇತ್ತ ನಾಲ್ಕು, ಅತ್ತ ನಾಲ್ಕು. ನಡುವೆ ಬೆನ್ನೆಲುಬಿನಂತೆ ಒಂದು ಏಣು ಉಳಿಯಿತು.

"ಧಾರಿ ಹಿಡೀಲೇನು?" ಎಂದು ಅವನು ಅಲಗಿನ ಅಂಚು ತೋರಿಸಿ ಕೇಳಿದ.

"ಹುಚ್ಚೇನು ನಿಂದು?" ಎಂದಳು ಅವಳು. "ಮದುಮಗ ಅದನ್ನ ಹಿಡಕೊಂಡ ಉಣ್ತಾನ, ಹಿಡಕೊಂಡ ಮಲಗ್ತಾನ. ಮೂಗು ತುರಿಸ್ಕೊಂಡ್ರ ಏನ್ ಗತಿ? ತುದಿ ಒಂದು ಚೂಪು ಇರಲಿ."

ಹದ ಹಾಕುವುದು, ಅಂದರೆ ಕಾದ ಅಲಗನ್ನು ಎಣ್ಣೆಗೆ ಅದ್ದಿ ಗಟ್ಟಿ ಮಾಡುವುದು, ನೆರಳಿನಲ್ಲಿ ಆಗಬೇಕಂತೆ. ಬಿಸಿಲು ಬಿದ್ದರೆ ಕಾದ ಕಬ್ಬಿಣದ ನಿಜವಾದ ಬಣ್ಣ ಕಾಣುವುದಿಲ್ಲ. ಆ ಬಾಗಿಲಿಗೆ ಕದ ಇರಲಿಲ್ಲ. ಕೌದಿ ನನ್ನ ಕೈಗೆ ಬಂದದ್ದು ಹಾಗೆ. ಮೊದಲ ಅಲಗು ಬೆಂಕಿಯಲ್ಲಿದ್ದಾಗ ಅತ್ತೆಯ ಫೋನ್ ಬಂತು. ನಾನು ಕೌದಿಯ ಒಂದು ತುದಿ ಬಿಟ್ಟು ಫೋನ್ ತೆಗೆದೆ.

"ಎಲ್ಲದೀಯೋ?"

"ಕಟಾರಿಗೆ ಸಾಣಿ ಹಿಡಸಾಕ ಬಂದೀನಿ ಅತ್ತಿ."

ಅಷ್ಟರಲ್ಲಿ ಬಿಸಿಲು ಬೆಂಕಿಯ ತನಕ ಹೋಗಿತ್ತು. ಕಮ್ಮಾರ, ಅಲಗು ಇನ್ನೂ ಕಾದಿಲ್ಲವೆಂದುಕೊಂಡು, ಒಂದಿಷ್ಟು ಹೆಚ್ಚೇ ಕಾಯಿಸಿ ಎಣ್ಣೆಗೆ ಇಳಿಸಿದ. ಟಣ್ ಎಂದಿತು. ಬಳೆ ಒಡೆದಷ್ಟೇ ಸದ್ದು. ಅಲಗಿನ ಉದ್ದಕ್ಕೂ ಕೂದಲಿನಂಥ ಬಿರುಕು.

ಅವನು ಬೈಯಲಿಲ್ಲ. ಎರಡನೆಯದನ್ನು ಎತ್ತಿಕೊಂಡು ಅರದಿಂದ ಉಜ್ಜತೊಡಗಿದ. ಪಟ್ಟಿ ಉಳಿದಿರಲಿಲ್ಲ, ಇದೂ ಹೋದರೆ ಹೊತ್ತೂ ಇರಲಿಲ್ಲ.

ಎರಡಕ್ಕೆ ಹತ್ತು ನಿಮಿಷವಿದ್ದಾಗ ನಾನು ಕೌದಿ ಹಿಡಿದು ನಿಂತದ್ದು ಆ ಎರಡನೆಯದಕ್ಕೆ. ಅಲಗು ಕೆಂಪಾಗಿ, ಮಾಗಿದ ಬೋರೆಹಣ್ಣಿನ ಬಣ್ಣಕ್ಕೆ ಬರುತ್ತಿತ್ತು. ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ನಾನು ಅಲುಗಲಿಲ್ಲ. ನಿಂತಿತು, ಮತ್ತೆ ಹೊಡೆದುಕೊಂಡಿತು. ಕಾಕಿ, ಅಂದರೆ ಕಮ್ಮಾರನ ಹೆಂಡತಿ, ಬಂದು ನನ್ನ ಅಂಗಿಯ ಜೇಬಿಗೆ ಕೈ ಹಾಕಿ ಫೋನ್ ತೆಗೆದಳು. ಎಲ್ಲಿ ಒತ್ತಿದಳೋ, ಅತ್ತೆಯ ದನಿ ಕುಲುಮೆಯ ತುಂಬ ಕೇಳಿತು.

"ಇನ್ನೂ ಸಾಣಿ ಮುಗೀಲಿಲ್ಲೇನೋ?"

"ಸಾಣಿ ಅಲ್ರೀ ಅವ್ವಾರ, ಹೊಸಾದು ಮಾಡಾಕತ್ತೇವಿ. ನಿಮ್ಮ ಮಾಸ್ತರ್ರು ಕೌದಿ ಹಿಡಕೊಂಡು ನಿಂತಾರ."

ನಾನು ಕೌದಿಯ ಅಂಚುಗಳನ್ನು ಇನ್ನಷ್ಟು ಬಿಗಿಯಾಗಿ ಎಳೆದು ಹಿಡಿದೆ. ಅದು ಅಲುಗಬಾರದಿತ್ತು.

"ಲಿಂಬಿಹಣ್ಣು ತಗದಿದ್ದಿಲ್ಲ, ಹೌದಿಲ್ಲೋ ಭಾಡ್ಯಾ?"

"ಹೌದು ಅತ್ತಿ."

"ಹಂಗಾರ ಕೌದಿ ಸರಿಯಾಗಿ ಹಿಡಿ."

ಕಮ್ಮಾರ ಅಲಗನ್ನು ಹೊರಗೆಳೆದ. ಕಬ್ಬಿಣದ ಕೊಳವೆಯಲ್ಲಿ ಕುಸುಬಿ ಎಣ್ಣೆಯಿತ್ತು. ಮದುಮಗನ ಸಾಮಾನಿಗೆ ಗಾಡಿಯ ಸುಟ್ಟ ಎಣ್ಣೆ ಬೇಡವೆಂದು ಕಾಕಿ ತನ್ನ ಅಡುಗೆಮನೆಯದನ್ನೇ ಸುರಿದಿದ್ದಳು. ಅವನು ತುದಿ ಕೆಳಗೆ ಮಾಡಿ, ಸ್ವಲ್ಪವೂ ಓರೆಯಾಗದಂತೆ ಇಳಿಸಿದ. ಮೊಳದುದ್ದ ಉರಿ ಮೇಲೆದ್ದಿತು. ಸುರ್ ಎಂದಿತು, ಬುರ್ ಎಂದಿತು. ಟಣ್ ಎನ್ನಲಿಲ್ಲ. ಹೊರಗೆ ತೆಗೆದು ಒಂದು ಕಣ್ಣು ಮುಚ್ಚಿ ಏಣಿನ ಗುಂಟ ನೋಡಿದ.

"ನೆಟ್ಟಗ ಐತಿ."

"ಏನಾತ್ರೀ?" ಎಂದಿತು ಫೋನು.

"ನೆಟ್ಟಗ ಐತಂತ್ರಿ!" ಎಂದು ಕಾಕಿ ಕೂಗಿದಳು.

ನಾನು ಕೌದಿ ಕೆಳಗಿಟ್ಟು ಹೊಸ್ತಿಲ ಮೇಲೆಯೇ ಕುಳಿತೆ. ಅಲಗನ್ನು ಮತ್ತೆ ಸಣ್ಣ ಕಾವಿನಲ್ಲಿ, ಒಣಗಿದ ಜೋಳದ ದಂಟಿನ ಬಣ್ಣ ಬರುವ ತನಕ ಕಾಯಿಸಿದರು. ಉಜ್ಜಿ ಹೊಳಪು ತಂದರು. ಹಳೆಯ ಹಿತ್ತಾಳೆಯ ಹಿಡಿಕೆಯನ್ನೇ ಕೂರಿಸಿದರು. ಐದಕ್ಕೆ ಕಾಲು ಗಂಟೆಯಿದ್ದಾಗ ನಾನು ಮನೆ ಮುಟ್ಟಿದೆ. ಅತ್ತೆ ನಿಂಬೆಹಣ್ಣನ್ನು ಚುಚ್ಚಿ, ತಮ್ಮನ ಕೈಗೆ ಕೊಟ್ಟು, ಅರಿಶಿನದ ಮೊದಲ ಮುಷ್ಟಿಯನ್ನು ಅವನಿಗಲ್ಲ, ನನ್ನ ಮುಖಕ್ಕೆ ಬಳಿದಳು. ಮದುವೆ ಮುಗಿದ ದಿನವೇ ಹಣ್ಣು ಕಿತ್ತು ಎಣ್ಣೆ ಸವರಿದೆ, ಅವಳು ನೋಡುತ್ತಿರುವಾಗಲೇ.

ಆ ಹೊತ್ತು ಕುಲುಮೆಯಲ್ಲಿದ್ದು ಕಂಡವರು ಮೂವರು: ಕಮ್ಮಾರ, ಅವನ ಹೆಂಡತಿ, ನಾನು. ಮೂವರೂ ಬದುಕಿದ್ದೇವೆ. ಅತ್ತೆಯೂ ಗಟ್ಟಿಮುಟ್ಟಾಗಿದ್ದಾಳೆ. ಅವಳು ಕೇಳಿದ್ದು ಫೋನಿನಲ್ಲಿ ಮಾತ್ರ. ಆದರೂ ಉರಿ ಎಷ್ಟೆತ್ತರ ಎದ್ದಿತೆಂದು ಯಾರಾದರೂ ಕೇಳಿದರೆ ನನಗಿಂತ ಮೊದಲು ಅವಳೇ ಕೈಯೆತ್ತಿ ತೋರಿಸುತ್ತಾಳೆ.