ಅವ್ವನ ಸಾವಿರ, ನನ್ನ ಹತ್ತು ಪರ್ಸೆಂಟು

ನಮ್ಮ ಆಸ್ಪತ್ರೆಯ ಲ್ಯಾಬಿಗೆ ಹೊಸದಾಗಿ ಸೇರಿದವರು ಮೊದಲ ಸಂಬಳ ಬಂದ ದಿನ ಫೋನ್ ಹಿಡಿದುಕೊಂಡು ನೆಟ್ಟಗೆ ನನ್ನ ಹತ್ತಿರ ಬರುತ್ತಾರೆ. ಹೇಳಿದ್ದೊಂದು, ಬಂದದ್ದೊಂದು, ಮಿಕ್ಕಿದ್ದು ಎಲ್ಲಿ ಹೋಯಿತು ಅಕ್ಕ ಎಂದು ಕೇಳುತ್ತಾರೆ. ಅಕೌಂಟ್ಸ್ ರೂಮು ಎದುರಿಗೇ ಇದೆ. ಅಲ್ಲಿ ಕೇಳಿದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಒಂದು ಮಾತು ಹೇಳಿ ಕಳಿಸುತ್ತಾರೆ. ಹಾಗಾಗಿ ನಾನು ಕೈಯ ಗ್ಲೌಸ್ ಬಿಚ್ಚಿ, ಅವರನ್ನು ಸ್ಟೂಲಿನ ಮೇಲೆ ಕೂರಿಸಿ ಹೇಳುತ್ತೇನೆ. ಹಿಡಿದುಕೊಂಡದ್ದು ಟಿ.ಡಿ.ಎಸ್. ತೆರಿಗೆ ಬೀಳಬಹುದೇನೋ ಎಂದು ಮುಂಚೆಯೇ ತೆಗೆದಿಟ್ಟ ದುಡ್ಡು ಅದು. ನಿನ್ನ ಪ್ಯಾನ್ ನಂಬರಿನ ಮೇಲೆ ಸರ್ಕಾರದಲ್ಲಿ ಜಮಾ ಆಗಿರುತ್ತದೆ. ವರ್ಷ ಮುಗಿದ ಮೇಲೆ ರಿಟರ್ನ್ ಹಾಕು, ನಿನ್ನ ಆದಾಯಕ್ಕೆ ತೆರಿಗೆ ಇಲ್ಲದಿದ್ದರೆ ಪೂರ್ತಿ ವಾಪಸು ಬರುತ್ತದೆ. ಹೇಳೀ ಹೇಳೀ ನನಗೆ ಸಾಕಾಗಿದೆ. ಆದರೂ ಹೇಳುತ್ತೇನೆ, ಯಾಕೆಂದರೆ ನನಗೆ ಇಷ್ಟು ಹೇಳುವವರು ಯಾರೂ ಇರಲಿಲ್ಲ.

ನಮ್ಮೂರು ಗೆಟ್ಟವಾಡಿ. ತಮಿಳುನಾಡಿನ ನೆಲ, ಆದರೆ ಬದುಕು ಅರ್ಧ ಚಾಮರಾಜನಗರದ ಕಡೆಗೇ. ಓದು ಮುಗಿಸಿ ಚಾಮರಾಜನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನೀಷಿಯನ್ ಕೆಲಸಕ್ಕೆ ಸೇರಿದೆ. ದಿನಾ ಬೆಳಿಗ್ಗೆ ಹೋಗಿ ಸಂಜೆ ಬರುವುದು. ನಮ್ಮ ಟೌನ್ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಕರ್ನಾಟಕದ ಬಸ್ಸಿನಲ್ಲೂ ಹೆಂಗಸರಿಗೆ ಟಿಕೆಟ್ ಇಲ್ಲ, ಆದರೆ ನನ್ನ ಆಧಾರ್ ಕಾರ್ಡಿನಲ್ಲಿ ತಮಿಳು ಅಕ್ಷರ ಕಂಡ ಕೂಡಲೇ ಕಂಡಕ್ಟರ್ ಟಿಕೆಟ್ ಹರಿದು ಕೈಗಿಡುತ್ತಾನೆ. ಎರಡು ರಾಜ್ಯದ ಭಾಗ್ಯದ ನಡುವೆ ಕಾಸು ಕೊಟ್ಟು ಓಡಾಡುವವಳು ನಾನೊಬ್ಬಳೇ ಎಂದು ಬಸ್ಸಿನವರೆಲ್ಲ ಛೇಡಿಸುತ್ತಿದ್ದರು.

ಸಂಬಳ ಹದಿನೆಂಟು ಸಾವಿರ ಎಂದಿದ್ದರು. ಬಂದದ್ದು ಹತ್ತು ಪರ್ಸೆಂಟು ಕಮ್ಮಿ. ಕೇಳಿದ್ದಕ್ಕೆ, ನೀನು ಕಾಂಟ್ರಾಕ್ಟು, ನಿನಗೆ ಕೊಡುವುದು ಸಂಬಳವಲ್ಲ ಫೀಸು, ಐ.ಟಿ.ಗೆ ಹೋಗುತ್ತದೆ ಎಂದರು. ಐ.ಟಿ.ಗೆ ಹೋದದ್ದು ಹೋಯಿತು ಎಂದುಕೊಂಡೆ. ಮನೆಗೆ ಬಂದು ಹೇಳಿದರೆ ಅಪ್ಪ ಚೆಂಡು ಹೂವಿನ ಬುಟ್ಟಿಗೆ ಗೋಣಿ ಮುಚ್ಚುತ್ತಾ, ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂದು ನಕ್ಕರು. ಒಕ್ಕಲುತನದವರಿಗೆ ಆದಾಯ ತೆರಿಗೆ ಎನ್ನುವುದು ಯಾರೋ ಶ್ರೀಮಂತರ ಮನೆಯ ಕಾಯಿಲೆ. ನಮ್ಮ ಮೂರೆಕರೆ ಹೊಲದಲ್ಲಿ ಬೆಳೆದದ್ದಕ್ಕೆ ತೆರಿಗೆಯಿಲ್ಲ, ಆನೆ ತಿಂದು ಉಳಿಸಿದ್ದಷ್ಟೇ ನಮ್ಮದು. ಮನೆಯಲ್ಲಿ ಮೊದಲು ಪ್ಯಾನ್ ಕಾರ್ಡ್ ಮಾಡಿಸಿದವಳು ನಾನೇ.

ಆ ಹೊತ್ತಿಗೆ ಅವ್ವನಿಗೂ ಒಂದು ಆದಾಯ ಶುರುವಾಗಿತ್ತು. ನಮ್ಮ ಸರ್ಕಾರ ಹೆಂಗಸರ ಖಾತೆಗೆ ತಿಂಗಳಿಗೆ ಸಾವಿರ ರೂಪಾಯಿ ಹಾಕುತ್ತದಲ್ಲ, ಅದು. ತಮಿಳಿನಲ್ಲಿ ಅದಕ್ಕೆ ಹಕ್ಕಿನ ಹಣ ಎನ್ನುವ ಅರ್ಥದ ದೊಡ್ಡ ಹೆಸರಿದೆ. ಅವ್ವ ಬರೀ 'ನನ್ ಸಾವ್ರ' ಎನ್ನುತ್ತಿದ್ದಳು. ಹುಟ್ಟಿದ ಮನೆಯಲ್ಲೂ ಕೊಟ್ಟ ಮನೆಯಲ್ಲೂ ಹೊಲದಲ್ಲಿ ದುಡಿದವಳು, ಒಂದು ದಿನದ ಕೂಲಿಯೂ ಅವಳ ಕೈಗೆ ಬಂದದ್ದಿಲ್ಲ. ಸ್ವಂತ ಹೊಲದಲ್ಲಿ ದುಡಿದರೆ ಕೂಲಿ ಯಾರು ಕೊಡುತ್ತಾರೆ? ಬಳೆ ಬೇಕಾದರೂ ಅಪ್ಪನನ್ನು ಕೇಳಬೇಕು, ತವರಿಗೆ ಹೋಗಬೇಕಾದರೂ ಕೇಳಬೇಕು. ಅಪ್ಪ ಇಲ್ಲ ಅನ್ನುವವರಲ್ಲ. ಆದರೆ ಎಷ್ಟು, ಯಾಕೆ ಎಂದು ಕೇಳಿಯೇ ಕೊಡುವವರು.

ಆ ಸಾವಿರದಿಂದ ಅವ್ವ ಸೀರೆ ಕೊಳ್ಳಲಿಲ್ಲ, ಓಲೆ ಮಾಡಿಸಲಿಲ್ಲ. ಮುಯ್ಯಿ ಬರೆಸಲು ಶುರು ಮಾಡಿದಳು. ನಮ್ಮ ಕಡೆ ಮದುವೆ ಮನೆಯಲ್ಲಿ ಊಟದ ಹಾಲ್ ಬಾಗಿಲ ಬಳಿ ಮೇಜು ಹಾಕಿಕೊಂಡು ಒಬ್ಬರು ಕುಳಿತಿರುತ್ತಾರೆ. ಕೊಟ್ಟ ದುಡ್ಡನ್ನು ಕೊಟ್ಟವರ ಹೆಸರಿನಲ್ಲಿ ಬರೆದುಕೊಳ್ಳುತ್ತಾರೆ. ನಾಳೆ ನಮ್ಮ ಮನೆಯಲ್ಲಿ ಕಾರ್ಯವಾದರೆ ಅಷ್ಟಕ್ಕೆ ಒಂದಿಷ್ಟು ಸೇರಿಸಿ ಅವರು ತಂದು ಬರೆಸಬೇಕು. ಇಷ್ಟು ವರ್ಷ ನಮ್ಮ ಮನೆಯ ಮುಯ್ಯಿ ಎಲ್ಲ ಅಪ್ಪನ ಹೆಸರಿನಲ್ಲೇ. ಅವ್ವ ಹಿಂದೆ ನಿಂತಿರುತ್ತಿದ್ದಳು. ಆ ಸಲ ತಾಳವಾಡಿಯಲ್ಲಿ ನಮ್ಮ ಸೋದರಮಾವನ ಮಗಳ ಮದುವೆ. ಅಪ್ಪ ತಮ್ಮ ಹೆಸರಿನಲ್ಲಿ ಬರೆಸಿ ಊಟಕ್ಕೆ ಹೋದರು. ಅವ್ವ ಸೆರಗಿನ ಗಂಟು ಬಿಚ್ಚಿ ಐನೂರರ ನೋಟು ಮೇಜಿನ ಮೇಲಿಟ್ಟಳು. ಬರೆಯುತ್ತಿದ್ದವರು ನಮ್ಮವರೇ, ಯಜಮಾನರದ್ದು ಆಯ್ತಲ್ಲವ್ವ ಎಂದರು.

"ಅದು ಅವ್ರ್ದು. ಇದು ನನ್ ಕಾಸು. ನನ್ನೆಸ್ರಲ್ಲಿ ಬರ್ಕೊ" ಎಂದಳು ಅವ್ವ.

ಅವರು ಬರೆದುಕೊಂಡರು. ಅವ್ವ ಅಕ್ಷರ ಓದಲಾರಳು, ಆದರೂ ಬಗ್ಗಿ ನೋಡಿದಳು. ಅವತ್ತು ಊಟದ ಎಲೆಯ ಮುಂದೆ ಕುಳಿತಾಗ ಅವಳ ಮುಖ ನೋಡಿ ನನಗೆ ಉಣ್ಣುವ ಮೊದಲೇ ಹೊಟ್ಟೆ ತುಂಬಿತ್ತು. ಆಮೇಲೆ ಬಂದ ಮದುವೆ, ಗೃಹಪ್ರವೇಶ ಎಲ್ಲದರಲ್ಲೂ ಅವ್ವನದು ಬೇರೆ ಮುಯ್ಯಿ.

ನಾನು ಕೆಲಸಕ್ಕೆ ಸೇರಿ ಒಂದು ವರ್ಷ ತುಂಬಿತು. ನನ್ನ ಜೊತೆಗಿದ್ದ ಒಬ್ಬಳು ರಿಟರ್ನ್ ಹಾಕಿದರೆ ಕಟ್ಟಾದದ್ದು ವಾಪಸು ಬರುತ್ತದಂತೆ ಎಂದಳು. ಆ ಭಾನುವಾರ ಚಿಕ್ಕವ್ವ ಬಂದಿದ್ದಳು. ಅವ್ವನ ತಂಗಿ, ಗಡಿಯಾಚೆಯ ಹಳ್ಳಿಗೆ ಕೊಟ್ಟಿದ್ದಾರೆ. ಅವಳಿಗೆ ಆಚೆ ಸರ್ಕಾರದಿಂದ ತಿಂಗಳಿಗೆ ಎರಡು ಸಾವಿರ. ನಿನಗೆ ಸಾವಿರ, ನನಗೆ ಎರಡು, ಅಕ್ಕ ನೀನಾದರೂ ನಾನೇ ದೊಡ್ಡವಳು ಎಂದು ಅವ್ವನನ್ನು ರೇಗಿಸುವುದೇ ಅವಳ ಕೆಲಸ. ನಾನು ರಿಟರ್ನ್ ಮಾತು ಎತ್ತಿದ್ದೇ ತಡ, ಅವಳ ನಗು ನಿಂತಿತು.

"ಬ್ಯಾಡ ಕಣ್ ಕೂಸು. ನಮ್ಮಳ್ಳೀಲಿ ಒಬ್ಳ ಮಗ ಐ.ಟಿ. ಆಕ್ದ, ಅವ್ರವ್ವನ್ ಕಾಸು ನಿಂತೋಯ್ತು. ನಿಮ್ಮವ್ವನ್ ಸಾವ್ರಕ್ಕ ಕಲ್ಲಾಕ್ಬುಟ್ಟೀಯ."

ಅಪ್ಪ ಲೆಕ್ಕ ಹಾಕಿದರು. ನನಗೆ ವಾಪಸು ಬರುವುದು ಇಪ್ಪತ್ತು ಸಾವಿರದ ಮೇಲೆ, ಅವ್ವನದು ವರ್ಷಕ್ಕೆ ಹನ್ನೆರಡು ಸಾವಿರ. ಹಾಕುವುದೇ ಲಾಭ ಎಂದರು. ಅವ್ವ ಎದ್ದು ಒಳಗೆ ಹೋಗಿ ಅನ್ನಕ್ಕೆ ಇಟ್ಟಳು. ಅವಳು ಬೇಡ ಎಂದಿದ್ದರೆ ಜಗಳವಾದರೂ ಆಡಬಹುದಿತ್ತು. ನಾನು ರಿಟರ್ನೂ ಬೇಡ ಗಿಟರ್ನೂ ಬೇಡ, ಹೋದರೆ ಹೋಗಲಿ ಎಂದುಬಿಟ್ಟೆ. ನನಗೆ ಬೇಜಾರಾಗಲಿಲ್ಲ. ಅವ್ವನ ಹೆಸರು ಉಳಿಯಿತಲ್ಲ ಎಂದು ಒಳಗೊಳಗೇ ಹೆಮ್ಮೆಯೇ ಇತ್ತು. ಜುಲೈ ಕಳೆಯಿತು, ಕೊನೆಯ ದಿನ ಮುಗಿಯಿತು, ನಾನು ಅತ್ತ ತಲೆಯೂ ಹಾಕಲಿಲ್ಲ.

ದಸರೆಯ ಆಸುಪಾಸಿನಲ್ಲಿ ಒಂದು ತಿಂಗಳು ಅವ್ವನ ಫೋನಿಗೆ ಸಾವಿರ ಜಮಾ ಆದ ಮೆಸೇಜು ಬರಲಿಲ್ಲ. ತಡವಾಗಿರಬೇಕು ಎಂದೆವು. ಮುಂದಿನ ತಿಂಗಳೂ ಬರಲಿಲ್ಲ. ಅವ್ವ ದಿನಾ ಸಂಜೆ ನಾನು ಬಸ್ಸಿಳಿದು ಬರುವಷ್ಟರಲ್ಲಿ ಫೋನ್ ಹಿಡಿದು ಜಗಲಿಯ ಮೇಲೆ ಕೂತಿರುತ್ತಿದ್ದಳು. ಬಂದ ಕೂಡಲೇ ಅದನ್ನು ನನ್ನ ಕೈಗೆ ಕೊಡುತ್ತಿದ್ದಳು. ನಾನು ನೋಡಿ ವಾಪಸು ಕೊಡುತ್ತಿದ್ದೆ. ಆಸ್ಪತ್ರೆಯಲ್ಲಿ ಇಡೀ ದಿನ ಜನರ ರಕ್ತ ತೆಗೆದು ಬಂದವಳಿಗೆ ಆ ಫೋನು ನೋಡುವುದೇ ಭಾರವೆನಿಸುತ್ತಿತ್ತು.

ರಜೆ ಹಾಕಿ ಅವ್ವನನ್ನು ಕರೆದುಕೊಂಡು ತಾಳವಾಡಿಯ ತಾಲ್ಲೂಕು ಆಫೀಸಿಗೆ ಹೋದೆ. ಅಲ್ಲಿದ್ದವರು ಘಟ್ಟದ ಕೆಳಗಿನ ಊರಿನವರು, ತಮಿಳು ಬಿಟ್ಟರೆ ಬೇರೆ ಬಾರದು, ಆದರೆ ಮರ್ಯಾದಸ್ಥರು. ಅವ್ವನಿಗೆ ಕುರ್ಚಿ ಕೊಟ್ಟರು. ಕಂಪ್ಯೂಟರ್ ನೋಡಿ, ನಿಮ್ಮ ರೇಷನ್ ಕಾರ್ಡಿನಲ್ಲಿ ವರುಮಾನ ವರಿ, ಅಂದರೆ ಆದಾಯ ತೆರಿಗೆ, ಕಟ್ಟುವವರೊಬ್ಬರು ಇದ್ದಾರಲ್ಲಮ್ಮ ಎಂದರು. ನಾನು ರಿಟರ್ನೇ ಹಾಕಿಲ್ಲ ಎಂದೆ. ಅದು ನಮಗೆ ಗೊತ್ತಾಗುವುದಿಲ್ಲ, ನಿಮ್ಮ ಪ್ಯಾನ್ ಮೇಲೆ ತೆರಿಗೆ ಜಮಾ ಆಗಿರುವುದು ಕಾಣಿಸುತ್ತದೆ, ನೀವು ಕಟ್ಟುವವರಲ್ಲ ಅಂತಾದರೆ ಅದಕ್ಕೆ ದಾಖಲೆ ತಂದು ಮೇಲ್ಮನವಿ ಕೊಡಿ ಎಂದರು. ಬಸ್ಸಿನಲ್ಲಿ ಅವ್ವ ಕಿಟಕಿ ಕಡೆ ತಿರುಗಿ ಕುಳಿತಳು. ನನಗಂತೂ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದೇ ತಿಳಿಯಲಿಲ್ಲ.

ಚಾಮರಾಜನಗರದಲ್ಲಿ ಒಬ್ಬ ಆಡಿಟರ್ ಇದ್ದಾರೆಂದು ಕೇಳಿ ಊಟದ ಬಿಡುವಿನಲ್ಲಿ ಓಡಿದೆ. ಅವರು ನನ್ನ ಪ್ಯಾನ್ ಹಾಕಿ ನೋಡಿ, ಇದೇನಮ್ಮ ಹೀಗೆ ಬಿಟ್ಟಿದ್ದೀಯಾ ಎಂದರು. ನನ್ನ ವರ್ಷದ ಆದಾಯ ತೆರಿಗೆಯ ಮಿತಿಯನ್ನೇ ಮುಟ್ಟುವುದಿಲ್ಲ. ನಾನು ಕಟ್ಟಬೇಕಾದ ತೆರಿಗೆ ಸೊನ್ನೆ. ಆದರೆ ಹಾಗೆಂದು ನಾನೇ ಲೆಕ್ಕ ಕೊಟ್ಟು ಹೇಳುವ ತನಕ ಸರ್ಕಾರಕ್ಕೆ ಅದು ಗೊತ್ತಿಲ್ಲ. ಅದರ ಕಣ್ಣಿಗೆ ತಿಂಗಳು ತಿಂಗಳು ನನ್ನ ಹೆಸರಿನಲ್ಲಿ ದುಡ್ಡು ಬರುತ್ತಿದೆ, ಅಷ್ಟೇ. ರಿಟರ್ನ್ ಹಾಕುವುದು ಬೇರೆ, ತೆರಿಗೆ ಕಟ್ಟುವುದು ಬೇರೆ ಎಂದು ಅವರು ಬೇಸರದಿಂದಲೇ ಹೇಳಿದರು. ಇಂಥವರು ದಿನಾ ಬರುತ್ತಾರೇನೋ.

ಅಲ್ಲಿಗೆ ನನಗೆ ತಿಳಿಯಿತು. ತೆರಿಗೆ ಕಟ್ಟುವವಳು ಎನ್ನಿಸಿಕೊಳ್ಳಬಾರದೆಂದು ನಾನು ರಿಟರ್ನ್ ಹಾಕದೆ ಕೂತಿದ್ದೆ. ಹಾಕಿದ್ದರೆ, ನಾನು ಕಟ್ಟಬೇಕಾದವಳಲ್ಲ ಎಂದು ಅದೇ ಹೇಳುತ್ತಿತ್ತು. ಅವ್ವನ ಸಾವಿರಕ್ಕೆ ಕಲ್ಲು ಬೀಳದಿರಲೆಂದು ಮಾಡಿದ ಕೆಲಸದಿಂದಲೇ ಕಲ್ಲು ಬಿತ್ತು. ಬಸ್ಸಿನಲ್ಲಿ ಬರುವಾಗ ಅಳು ಬಂದು, ಪಕ್ಕದವರು ಏನಾಯ್ತು ಕೂಸು ಎಂದು ಕೇಳುವ ಹಾಗಾಯಿತು.

ರಾತ್ರಿ ಊಟಕ್ಕೆ ಕುಳಿತಾಗ ಅವ್ವನಿಗೆ ಬಿಡಿಸಿ ಹೇಳಿದೆ. ಹಿಡಿದುಕೊಂಡ ದುಡ್ಡು ನನ್ನ ಹೆಸರಿನಲ್ಲೇ ಇದೆ, ಕೇಳಿದರೆ ಮಾತ್ರ ಕೊಡುತ್ತಾರೆ ಎಂದೆ. ಅವ್ವ ಮುದ್ದೆ ಮುರಿಯುವುದನ್ನು ನಿಲ್ಲಿಸಿದಳು.

"ಅಂದ್ರ ಮುಯ್ಯಿ ಅನ್ನು. ನೀ ಬರ್ಸೀದಯ್, ನಿನ್ನೆಸ್ರಲ್ಲೇ ಅದ. ಆದ್ರ ಮನೇಲಿ ಕಾರ್ಯ ಮಾಡ್ದೆ, ಯಾರ್ಗೂ ಏಳ್ದೆ ಕುಂತ್ಕಂಡ್ರ ಯಾರ್ ತಂದು ಕೊಟ್ಟಾರು?"

ಆಡಿಟರ್ ಹೇಳಿದ್ದೂ ಇದನ್ನೇ. ಈಗಲೂ ಲ್ಯಾಬಿನ ಹುಡುಗಿಯರಿಗೆ ನಾನು ಹೇಳುವುದು ಅವ್ವನ ಮಾತನ್ನೇ. ಅವರಿಗೆ ಬೇಗ ಅರ್ಥವಾಗುತ್ತದೆ.

ಡಿಸೆಂಬರ್ ತನಕ ತಡವಾಗಿ ಹಾಕಲು ಅವಕಾಶವಿತ್ತು. ಹಾಕಿದೆ. ಮನೆಯೊಳಗೆ ಸಿಗ್ನಲ್ ಇಲ್ಲ, ಓ.ಟಿ.ಪಿ. ಬರಲೆಂದು ಹೊಲದ ಮೇಲಿನ ಬಂಡೆಯ ಹತ್ತಿರ ನಿಂತು, ಬಂದಾಗ ಹೊತ್ತು ಮೀರಿ, ಮತ್ತೆ ಕೇಳಿ, ಮತ್ತೆ ಕಾದು. ಅಪ್ಪ ಕಾವಲು ಗುಡಿಸಲಿನಿಂದ, ಕತ್ತಲಾಯ್ತು, ಆನೆ ಇಳಿಯೊ ಹೊತ್ತು, ಬಾ ಎಂದು ಕೂಗುತ್ತಿದ್ದರು. ಕೆಲವು ವಾರದ ಮೇಲೆ ರೀಫಂಡ್ ಬಂತು. ಪೂರ್ತಿ ಬಂತು. ಕಾಯುವಾಗ ಇದ್ದ ಆಸೆ ಬಂದಾಗ ಇರಲಿಲ್ಲ. ಅದರ ಜೊತೆ ಐ.ಟಿ.ಯಿಂದ ಬಂದ, ತೆರಿಗೆ ಸೊನ್ನೆ ಎಂದಿದ್ದ ಕಾಗದವನ್ನು ಪ್ರಿಂಟ್ ತೆಗೆಸಿ ಮೇಲ್ಮನವಿಗೆ ಸೇರಿಸಿ ಕೊಟ್ಟು ಬಂದೆವು. ಪರಿಶೀಲನೆಯಲ್ಲಿದೆ ಎಂದರು. ಆಮೇಲೆ ಹೋದಾಗಲೂ ಪರಿಶೀಲನೆಯಲ್ಲಿದೆ ಎಂದರು. ಅದಕ್ಕೆಂದೇ ಎಷ್ಟು ರಜೆ ಹಾಕುವುದು? ನನ್ನದು ಕಾಂಟ್ರಾಕ್ಟು, ಹೋಗದ ದಿನಕ್ಕೆ ಫೀಸೂ ಇಲ್ಲ.

ಸಾವಿರ ತಾನೇ ಎಂದು ನಾನೇ ತಿಂಗಳಿಗೊಮ್ಮೆ ಅವ್ವನ ಕೈಗಿಡಲು ಶುರು ಮಾಡಿದೆ. ಬೇಡ ಅನ್ನಲಿಲ್ಲ, ತೆಗೆದುಕೊಂಡಳು. ಆದರೆ ಸಂಜೆ ನಾನು ಕಾಲು ತೊಳೆದು ಒಳಗೆ ಬರುವಷ್ಟರಲ್ಲಿ ಲೆಕ್ಕ ಒಪ್ಪಿಸುತ್ತಿದ್ದಳು. ಕಾಫಿ ಪುಡಿಗೆ ಇಷ್ಟು ಕೊಟ್ಟೆ, ಪಕ್ಕದ ಮನೆ ಕೂಸಿಗೆ ಇಷ್ಟು ಕೊಟ್ಟೆ ಎಂದು. ನಾನು ಕೇಳಿದವಳಲ್ಲ. ಯಾಕವ್ವ ನನಗೆ ಹೇಳುತ್ತೀ ಎಂದರೆ, ನಿನ್ನ ದುಡ್ಡಲ್ಲವಾ ಎನ್ನುತ್ತಿದ್ದಳು. ಅವಳ ಸಾವಿರಕ್ಕೆ ಅವಳು ಯಾರಿಗೂ ಲೆಕ್ಕ ಕೊಟ್ಟಿರಲಿಲ್ಲ.

ಹೋದ ತಿಂಗಳು ಹಾಸನೂರಿನಲ್ಲಿ ನೆಂಟರ ಮದುವೆಗೆ ಹೋಗಿದ್ದೆವು. ಅಪ್ಪ ಹೊಲದ ಕಾವಲು ಬಿಟ್ಟು ಬರಲಾಗಲಿಲ್ಲ, ನಾನೂ ಅವ್ವನೂ ಇಬ್ಬರೇ. ಅಪ್ಪನ ಪಾಲಿನದನ್ನು ಅಪ್ಪನ ಹೆಸರಿನಲ್ಲಿ ಬರೆಸಿ ಆಯಿತು. ಆಮೇಲೆ ಅವ್ವ ಹಿಂದಿನಂತೆಯೇ ಸೆರಗಿನ ಗಂಟು ಬಿಚ್ಚಿ ಐನೂರು ರೂಪಾಯಿ ತೆಗೆದಳು. ನನಗೆ ಒಂದು ಗಳಿಗೆ ಸಮಾಧಾನವಾಯಿತು. ಬರೆಯುತ್ತಿದ್ದವರು ತಾಳವಾಡಿಯಲ್ಲಿ ಬರೆದಿದ್ದ ಅದೇ ನಮ್ಮ ನೆಂಟರು, ಅವ್ವನ ಅಭ್ಯಾಸ ಬಲ್ಲವರು. ಕೇಳದೆಯೇ ಅವಳ ಹೆಸರು ಬರೆಯಲು ಪೆನ್ನು ಊರಿದರು.

ಅವ್ವ ಅವರ ಕೈ ತಡೆದಳು.

"ನಂದಲ್ಲ ಕಣಣ್ಣ. ನನ್ ಮಗಳ್ ಕಾಸು. ಅವಳೆಸ್ರು ಬರ್ಕೊ."

ಅವರು ನನ್ನ ಕಡೆ ನೋಡಿದರು. ನಾನು ಅವ್ವನ ಹೆಸರನ್ನೇ ಬರೆಯಿರಿ ಎಂದೆ. ಅವ್ವ ಬೇಡ ಎಂದಳು. ನಮ್ಮ ಬೆನ್ನ ಹಿಂದೆ ಮುಯ್ಯಿ ಬರೆಸುವವರು ಕಾಯುತ್ತಿದ್ದರು. ಬರೆಯುವವರು ನನ್ನ ಹೆಸರು ಬರೆದುಕೊಂಡರು. ಈ ಸಲ ಅವ್ವ ಬಗ್ಗಿ ನೋಡಲಿಲ್ಲ, ಊಟಕ್ಕೆ ಎಲೆ ಹಾಕಿದ್ದಾರೆ ಬಾ ಎಂದು ಮುಂದೆ ಹೋದಳು.