ಪೋಸ್ಟಾಫೀಸಿನವಳು ಕೊಂಡ ಸೈಟು

ಚಾಮರಾಜನಗರದ ಅಂಚೆ ಕಚೇರಿಯಲ್ಲಿ ಉಳಿತಾಯದ ಕೌಂಟರು ನನ್ನದು. ದುಡ್ಡನ್ನು ಎಲ್ಲಿಡಬೇಕು ಎಂದು ಜನ ನನ್ನನ್ನು ಕೇಳುತ್ತಾರೆ. ಅರಿಸಿನ ಮಾರಿದವರು, ರೇಷ್ಮೆಗೂಡು ಮಾರಿದವರು, ನಿವೃತ್ತರಾದ ಮೇಷ್ಟ್ರುಗಳು ಬರುತ್ತಾರೆ. ತಿಂಗಳು ತಿಂಗಳು ಕಟ್ಟುವ ಆರ್.ಡಿ. ಅಂದರೇನು, ಐದು ವರ್ಷದ ಠೇವಣಿ ಅಂದರೇನು ಎಂದು ಬಿಡಿಸಿ ಹೇಳುತ್ತೇನೆ. ಸೈಟು ತಗೊಂಡರೆ ಹೇಗಮ್ಮ ಎಂದು ಕೇಳಿದವರಿಗೆ, ಕಾಗದಪತ್ರ ನೋಡದೆ ಕೈ ಹಾಕಬೇಡಿ ಎನ್ನುತ್ತಿದ್ದೆ. ಹಾಗೆ ಹೇಳುತ್ತಿದ್ದ ನಾನೇ ನನ್ನ ಠೇವಣಿಗಳನ್ನೆಲ್ಲ ಮುರಿದು ಬದನಗುಪ್ಪೆಯ ಕಡೆ ಒಂದು ಸೈಟು ಕೊಂಡೆ.

ಕಾರಣ ಲಾಭವಲ್ಲ. ನಾವು ಬಾಡಿಗೆಗಿದ್ದ ಮಹಡಿ ಮನೆಗೆ ಅಮ್ಮ ಬಂದು ನಾಲ್ಕು ದಿನವಾಗಿತ್ತು. ಮನೆಯ ಒಡತಿ ಮೆಟ್ಟಿಲು ಹತ್ತಿ ಬಂದು, ಅಮ್ಮನ ಎದುರಿಗೇ ಕೇಳಿದರು: "ನೆಂಟ್ರು ಇನ್ನೆಷ್ಟು ದಿನ ಇದ್ದಾರು? ಟ್ಯಾಂಕಲ್ಲಿ ನೀರೇ ನಿಲ್ತಿಲ್ಲ ಕಣಮ್ಮ." ಅಮ್ಮ ಒಣಗದ ಸೀರೆಯನ್ನೇ ಮಡಚಿ ಚೀಲಕ್ಕೆ ತುರುಕಿಕೊಂಡು ಮಧ್ಯಾಹ್ನದ ಬಸ್ಸಿಗೆ ಹೊರಟುಬಿಟ್ಟರು. ಬಸ್‌ ಸ್ಟ್ಯಾಂಡಿನಿಂದ ಹಿಂತಿರುಗುವಾಗಲೇ ಸ್ವಂತ ಮನೆ ಆಗಲೇಬೇಕು ಎಂದು ನಾನು ತೀರ್ಮಾನ ಮಾಡಿದ್ದೆ.

ನನ್ನ ಗಂಡ ಗುಂಡ್ಲುಪೇಟೆಯ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರು. ಅವರ ಪರಿಚಯದ ಬ್ರೋಕರ್ ಒಬ್ಬ ನಮ್ಮನ್ನು ಬಡಾವಣೆಗೆ ಕರೆದೊಯ್ದ. ಬಡಾವಣೆ ಎಂದರೆ ಉತ್ತು ಬಿಟ್ಟ ಹೊಲದಲ್ಲಿ ಸುಣ್ಣ ಬಳಿದ ಕಲ್ಲುಗಳು. "ಪಕ್ಕದಲ್ಲೇ ಕೈಗಾರಿಕಾ ಪ್ರದೇಶ ಅದ ಕಣಕ್ಕ. ಪ್ಯಾಕ್ಟ್ರಿಗಳೆಲ್ಲ ಬಂದ್ಮೇಲ ಈ ರೇಟ್ಗ ಇಲ್ಲಿ ಕಾಲಿಡಾಕೂ ಆಗಕಿಲ್ಲ" ಅಂದ. ಕಾಗದಗಳ ಕಟ್ಟನ್ನು ನಾನು ಒಂದೊಂದಾಗಿ ತಿರುವಿದೆ. ಹೊಲವನ್ನು ಮನೆ ಕಟ್ಟುವ ಜಾಗವಾಗಿ ಪರಿವರ್ತಿಸಿದ ಆದೇಶ ಅದರಲ್ಲಿರಲಿಲ್ಲ. ಕೇಳಿದೆ. "ಅರ್ಜಿ ಆಕಿದೀವಿ, ಬರೋ ತಿಂಗ್ಳು ಬತ್ತದ" ಅಂದ. ಅವನು ನನ್ನನ್ನು ಮೋಸಗೊಳಿಸಿದ ಎಂದು ಇವತ್ತು ಹೇಳಲಾರೆ. ಇಲ್ಲದ ಕಾಗದ ನನ್ನ ಕಣ್ಣಿಗೆ ಬಿದ್ದಿತ್ತು. ಅಮ್ಮನ ಆ ಒದ್ದೆ ಸೀರೆಯೂ ಕಣ್ಣಲ್ಲಿತ್ತು. ಸಹಿ ಹಾಕಿದೆ.

ಆದೇಶ ಬರಲಿಲ್ಲ. ದಾಖಲೆಯಲ್ಲಿ ಅದು ಹೊಲವಾಗಿಯೇ ಉಳಿಯಿತು. ಹಾಗಾಗಿ ಪಂಚಾಯಿತಿಯಲ್ಲಿ ಅದಕ್ಕೆ ಮನೆ ಜಾಗದ ಖಾತೆ ಇಲ್ಲ. ಖಾತೆ ಇಲ್ಲದೆ ಮನೆ ಕಟ್ಟಲು ಪರವಾನಗಿ ಇಲ್ಲ, ಬ್ಯಾಂಕಿನ ಸಾಲವಿಲ್ಲ. ಆಮೇಲೆ ನಿಯಮ ಬಿಗಿಯಾಗಿ, ಖಾತೆ ಇಲ್ಲದ ಸೈಟನ್ನು ನೋಂದಣಿ ಮಾಡಿ ಮಾರುವುದಕ್ಕೂ ಆಗದಂತಾಯಿತು. ಕಟ್ಟುವಂತಿಲ್ಲ, ಮಾರುವಂತಿಲ್ಲ, ಬಿಟ್ಟು ಹೋಗುವುದಕ್ಕೂ ಮನಸ್ಸಿಲ್ಲ. ಮಳೆ ಬಿದ್ದ ಮೇಲೆ ಸ್ಕೂಟರಿನಲ್ಲಿ ಹೋಗಿ ಪಾರ್ಥೇನಿಯಂ ಕಿತ್ತು, ಕಲ್ಲುಗಳು ಇದ್ದಲ್ಲೇ ಇವೆಯೇ ಎಂದು ನೋಡಿ ಬರುತ್ತಿದ್ದೆವು. ಮೈಯೆಲ್ಲ ಕಡಿತ. ಕೂರಲು ಒಂದು ಮರದ ನೆರಳೂ ಇರಲಿಲ್ಲ.

ಈ ನಡುವೆ ಗುಂಡ್ಲುಪೇಟೆಯಲ್ಲಿ ಒಂದು ಮನೆ ಮಾರಾಟಕ್ಕೆ ಬಂತು. ಗಂಡನ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದು ನಿವೃತ್ತರಾದವರದು. ಎರಡು ಕೋಣೆ, ಹಿತ್ತಿಲಲ್ಲಿ ನುಗ್ಗೆಮರ, ಎಲ್ಲ ಕಾಗದವೂ ಸರಿಯಾಗಿತ್ತು. "ನಿಮಗೆ ಅಂತ ದೀಪಾವಳಿವರೆಗೂ ಕಾಯ್ತೀನಿ" ಎಂದರು. ಅಡುಗೆಮನೆಯಲ್ಲಿ ನಿಂತು ಡಬ್ಬಗಳನ್ನು ಯಾವ ಕಡೆ ಜೋಡಿಸಬೇಕು ಎಂದು ನೋಡಿಕೊಂಡೆ. ಸೈಟು ಮಾರಿ ದುಡ್ಡು ಕೈಗೆ ಬಂದರೆ ಮಾತ್ರ ಆ ಮನೆ ನಮ್ಮದಾಗುತ್ತಿತ್ತು.

ಬ್ರೋಕರಿಗೆ ಫೋನ್ ಮಾಡಿದೆವು. ಹದಿನೈದು ದಿನದಲ್ಲಿ ಅವನೇ ಫೋನ್ ಮಾಡಿದ. "ಪಾರ್ಟಿ ಸಿಕ್ಕವ್ರ. ರಿಜಿಸ್ಟ್ರಿ ಆಮೇಲ ನೋಡ್ಕಂಡ್ರಾಯ್ತು, ಈಗ ಅಗ್ರಿಮೆಂಟ್ ಬರ್ಕೊಟ್ಬುಡಿ." ಗಂಡ ನನ್ನ ಮುಖ ನೋಡಿದರು. ನಾನು ಬೇಡ ಎನ್ನಲಿಲ್ಲ.

ಭಾನುವಾರ ಬೆಳಿಗ್ಗೆ ನಾವು ಸೈಟಿನ ಬಳಿ ಕಾಯುತ್ತಿದ್ದಾಗ ಆಟೋದಿಂದ ಇಳಿದವಳು ನನಗೆ ಗೊತ್ತಿದ್ದವಳೇ. ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಗಳು. ಸಂಬಳವಾದ ಮಾರನೆಯ ದಿನವೇ ನನ್ನ ಕೌಂಟರಿಗೆ ಬಂದು ಆರ್.ಡಿ. ಕಟ್ಟುತ್ತಿದ್ದವಳು. ಆ ಆರ್.ಡಿ. ತೆರೆಸಿದವಳೂ ನಾನೇ.

"ಅಯ್ಯೋ, ಪೋಸ್ಟಾಪೀಸಕ್ಕ! ನಿಮ್ದಾ ಈ ಸೈಟು?" ಅವಳ ಮುಖ ಅರಳಿತು. "ಅಂಗಾರ ಇನ್ನೇನ್ ನೋಡದು ಬುಡಿ. ನೀವೇ ತಕ್ಕಂಡಿದ್ರಿ ಅಂದ್ರ ಎಲ್ಲ ಸರಿಯಾಗೇ ಇರ್ತದ."

ಬ್ರೋಕರ್ ನಕ್ಕ. ನಾನೂ ನಕ್ಕೆ. ಅವಳ ಜೊತೆ ಕಲ್ಲಿಂದ ಕಲ್ಲಿಗೆ ನಡೆದೆ. ಸೂರ್ಯ ಯಾವ ಕಡೆ ಹುಟ್ತಾನೆ ಎಂದು ಕೇಳಿದಳು, ತೋರಿಸಿದೆ. ಬಾಗಿಲು ಯಾವ ದಿಕ್ಕಿಗೆ ಇಡಬಹುದು ಎಂದಳು, ಅದಕ್ಕೂ ಉತ್ತರ ಕೊಟ್ಟೆ. ನನ್ನ ತಲೆಯೊಳಗೆ ಗುಂಡ್ಲುಪೇಟೆಯ ಆ ಅಡುಗೆಮನೆ ಇತ್ತು. "ಒಂದ್ ಸಣ್ಣ ತೊಟ್ಟಿ ಕಟ್ಟುಸ್ಕಂಡ್ರ ನಮ್ಮವ್ವ ಬಟ್ಟ ಒಕ್ಕಂಡು ಇಲ್ಲೇ ಇರ್ಬೋದು" ಎಂದು ಅವಳು ಅಂದಾಗ ನನಗೆ ಮುಂದೆ ಹೆಜ್ಜೆ ಇಡಲಾಗಲಿಲ್ಲ.

"ಇದನ್ನ ತಗೋಬೇಡ ಕಣಮ್ಮ. ಇಲ್ಲಿ ಮನೆ ಕಟ್ಟೋಕಾಗಲ್ಲ. ಖಾತೆ ಇಲ್ಲ, ಬರುತ್ತೋ ಇಲ್ವೋ ಅದೂ ಗೊತ್ತಿಲ್ಲ."

ಅವಳು ನನ್ನ ಕಡೆ ತಿರುಗಿದಳು. "ಮತ್ತ ನೀವ್ಯಾಕ ತಕ್ಕಂಡ್ರಿ?"

"ತಪ್ಪು ಮಾಡ್ದೆ."

"ಏನಕ್ಕ ಇದು, ಬಂದಿದ್ದೋರ್ನ ನೀವೇ ಓಡುಸ್ಬುಟ್ರಲ್ಲ!" ಎಂದು ಬ್ರೋಕರ್ ಕೂಗಾಡಿದ. ಅವಳು ಅದೇ ಆಟೋ ಹತ್ತಿ ಹೊರಟಳು.

ಮನೆಗೆ ಬಂದು ಚಪ್ಪಲಿ ಬಿಡುತ್ತಾ ಗಂಡ ಹೇಳಿದರು: "ನೀನು ಹೇಳಬಾರದಿತ್ತು ಅಂತ ನಾನು ಅನ್ನಲ್ಲ. ಹೇಳಿದ್ದು ಒಳ್ಳೇದಾಯ್ತು ಅನ್ನೋಕೂ ನನ್ನ ಕೈಲಿ ಆಗ್ತಿಲ್ಲ."

ದೀಪಾವಳಿ ಕಳೆಯಿತು. ಗುಂಡ್ಲುಪೇಟೆಯ ಮನೆಯನ್ನು ಬೇರೆಯವರು ಕೊಂಡರು. ಬಸ್ಸಿಳಿದು ಶಾಲೆಗೆ ಆ ಮನೆಯ ಮುಂದೆಯೇ ಹೋಗುತ್ತಿದ್ದ ಗಂಡ ಈಗ ಒಂದು ಬೀದಿ ಸುತ್ತಿಕೊಂಡು ಹೋಗುತ್ತಾರಂತೆ. ಅದನ್ನು ಅವರು ನನಗೆ ಹೇಳಲಿಲ್ಲ, ಅವರ ಸಹೋದ್ಯೋಗಿಯೊಬ್ಬರು ಹೇಳಿದರು.

ಮರುತಿಂಗಳು ಆ ಗಾರ್ಮೆಂಟ್ಸಿನ ಹೆಣ್ಣುಮಗಳು ಎಂದಿನಂತೆ ಕೌಂಟರಿಗೆ ಬಂದಳು. ಸೈಟಿಗೆಂದು ಇಟ್ಟಿದ್ದ ದುಡ್ಡನ್ನು ಠೇವಣಿ ಮಾಡಿ, ಬಡ್ಡಿ ಎಷ್ಟು ಎಂದು ಕೇಳಿದಳು. ಹೇಳಿದೆ. ಬೆರಳು ಮಡಚಿ ಲೆಕ್ಕ ಹಾಕಿ, "ಇಲ್ಲೇ ಇಟ್ಕಂಡಿದ್ರ ಯಾವತ್ತಾರ ಮನ ಆದದಾ ಅಕ್ಕ?" ಅಂದಳು.

"ದುಡ್ಡು ಉಳಿಯುತ್ತೆ" ಅಂದೆ.

"ಉಳೀತದ. ಮನ ಆಗಕಿಲ್ಲ" ಅಂದಳು. ಕೋಪವಿರಲಿಲ್ಲ. ಹಿಂದೆ ಸಾಲು ಬೆಳೆದಿತ್ತು. ಪಾಸ್‌ಬುಕ್ಕಿಗೆ ಮೊಹರು ಒತ್ತಿ ಕೊಟ್ಟೆ. ಅವಳು ಅಂದದ್ದು ನಿಜ. ಠೇವಣಿ ಬೆಳೆಯುವಷ್ಟರಲ್ಲಿ ಮನೆಯ ಬೆಲೆ ಅದನ್ನು ದಾಟಿ ಮುಂದೆ ಹೋಗಿರುತ್ತದೆ. ನೆಲ ಕೊಂಡರೆ ನನ್ನ ಹಾಗೆ ಆ ನೆಲಕ್ಕೇ ಕಟ್ಟಿಹಾಕಿಕೊಳ್ಳುವ ಭಯ. ಮಹಡಿಯ ಮೇಲಿನ ಬಾಡಿಗೆ ಮನೆಗೆ ಅಮ್ಮ ಮತ್ತೆ ಬಂದಿಲ್ಲ.

ಮುಂದಿನ ವರ್ಷ ಅವಳು ಪ್ಲಾಸ್ಟಿಕ್ ಕವರಿನಲ್ಲಿ ಕಾಗದ ತಂದಳು. ಚಂದಕವಾಡಿಯ ಹತ್ತಿರ, ಊರೊಳಗೇ ಒಂದು ಹಳೆಯ ಮನೆ ಮಾರಾಟಕ್ಕಿತ್ತು. "ನೀವೊಂದ್ಸಲ ಓದ್ಬುಡಿ ಅಕ್ಕ. ನೀವು ಸರಿ ಅಂದ್ರ ತಕ್ಕತ್ತೀನಿ." ಮನೆಗೊಯ್ದು ಒಂದೊಂದು ಸಾಲನ್ನೂ ಓದಿದೆ. ಖಾತೆ ಇತ್ತು, ಕಂದಾಯದ ರಸೀದಿ ಇತ್ತು, ಮಾರುವವನ ಹೆಸರೂ ತಾಳೆಯಾಗುತ್ತಿತ್ತು. ಎಲ್ಲಾದರೂ ಒಂದು ತಪ್ಪು ಸಿಗಲಿ ಎಂದು ನಾನು ಹುಡುಕುತ್ತಿದ್ದೇನೆ ಎಂಬುದು ಕೊನೆಯ ಹಾಳೆಗೆ ಬಂದಾಗ ನನಗೇ ತಿಳಿಯಿತು. ನಾಚಿಕೆಯಾಯಿತು. ಎಲ್ಲ ಸರಿಯಿದೆ ಎಂದು ಹೇಳಿ ಹಿಂದಿರುಗಿಸಿದೆ.

ಹಾಲುಕ್ಕಿಸುವ ದಿನ ಕರೆದಳು, ಹೋದೆವು. ಶೀಟಿನ ಮಾಡು, ಎರಡೇ ಕೋಣೆ. ನಮ್ಮನ್ನು ಚಾಪೆಯ ಮೇಲೆ ಕೂರಿಸಿ ಪಾಯಸ ಬಡಿಸಿದರು. ಅವಳ ತಾಯಿ ನನ್ನ ಪಕ್ಕ ಕೂತು ವಿಶ್ವಾಸದಿಂದ ಕೇಳಿದರು: "ನಿಮ್ ಸ್ವಂತ ಮನ ಎಲ್ಲದವ್ವ?"

"ಬದನಗುಪ್ಪೆ ಕಡೆ ಸೈಟು ಇದೆ" ಅಂದೆ.

ಬಡಿಸುತ್ತಿದ್ದ ಮಗಳು ಬಂದು ನನ್ನ ಲೋಟಕ್ಕೆ ಇನ್ನಷ್ಟು ಪಾಯಸ ಬಗ್ಗಿಸಿದಳು.