ಮೇಷ್ಟ್ರ ಮಗನ ವಾಚು

ದಿನಾ ಬೆಳಿಗ್ಗೆ ಕಾಫಿಗೆ ಮುಂಚೆ ನನ್ನ ವಾಚಿಗೆ ಕೀ ಕೊಡುತ್ತೇನೆ. "ಮೊಬೈಲಲ್ಲಿ ಟೈಮ್ ಇಲ್ವಾ?" ಎಂದು ಹೆಂಡತಿ ಕೇಳುತ್ತಾಳೆ. ಕೀ ಕೊಡುವುದನ್ನು ನಾನು ಮರೆತರೂ ಕೇಳುವುದನ್ನು ಅವಳು ಮರೆಯುವುದಿಲ್ಲ.

ವಾಚಿನ ವಿಷಯದಲ್ಲಿ ನಾನು ಎಕ್ಸ್‌ಪರ್ಟು. ಹಾಗೆಂದು ನಾನೊಬ್ಬನೇ ಹೇಳುವುದು, ಇರಲಿ. ಎರಡು ಸಾವಿರದ ಇಸವಿ ದಾಟಿದ ಮೇಲೆ ಒಮ್ಮೆ, ದಿಂಬಿಗೆ ಹತ್ತಿ ತುಂಬಿಸಲು ತುಮಕೂರಿನ ಬಟವಾಡಿಯ ಹಾಸಿಗೆ ಅಂಗಡಿಗೆ ಹೋಗಿದ್ದೆ. ಹತ್ತಿ ಮೂಟೆಗಳ ಹಿಂದಿನ ಗೋಡೆಯಲ್ಲಿ, ಮೊಳೆಗೊಂದರಂತೆ ಇಪ್ಪತ್ತೋ ಮೂವತ್ತೋ ಹಳೇ ಕೀ ವಾಚುಗಳು! ಎಲ್ಲವೂ ನಡೆಯುತ್ತಿದ್ದವು, ಎಲ್ಲದರಲ್ಲೂ ಒಂದೇ ಟೈಮು. ನನ್ನ ಬಾಯಲ್ಲಿ ನೀರೂರಿತು.

"ಅದರಲ್ಲೊಂದು ಕೊಡಿ ಸಾಹೇಬ್ರೆ" ಎಂದೆ, ಸೌತೆಕಾಯಿ ಕೇಳುವವನ ಧಾಟಿಯಲ್ಲಿ.

ಮೂಲೆಯಲ್ಲಿ ಕೂತಿದ್ದ ವಯಸ್ಸಾದ ಸಾಹೇಬರು ತಲೆಯಾಡಿಸಿದರು. "ಮಾರಕ್ಕಲ್ಲ ಸಾರ್. ಶಿರಾ ಗೇಟಲ್ಲಿ ನಂದು ವಾಚ್ ರಿಪೇರಿ ಅಂಗಡಿ ಇತ್ತು. ಸೆಲ್ ವಾಚ್ ಬಂದ್ಮೇಲೆ, ರಿಪೇರಿಗೆ ಕೊಟ್ಟೋರು ವಾಪಸ್ ಬರ್ಲೇ ಇಲ್ಲ. ಅಂಗಡಿ ಮುಚ್ದೆ. ಈ ಹಾಸಿಗೆ ಅಂಗಡಿ ಮಗಂದು. ಯಾರಾದ್ರೂ ಬಂದಾಗ ವಾಚ್ ನಿಂತಿರಬಾರ್ದಲ್ವಾ? ದಿನಾ ಕೀ ಕೊಡ್ತೀನಿ."

ಪ್ರತಿ ವಾಚಿಗೂ ದಾರದಲ್ಲಿ ಕಟ್ಟಿದ ಒಂದು ಚೀಟಿ. ಓದುತ್ತಾ ಹೋದೆ. ಗುಬ್ಬಿ ಮಿಲಿಟರಿಯವರು. ಕುಣಿಗಲ್ ಡ್ರೈವರ್. ಹಾಗಲವಾಡಿ ಮೇಷ್ಟ್ರ ಮಗ.

ಆ ಮೇಷ್ಟ್ರ ಮಗ ನಾನೇ.

ನಿಮ್ಮ ಹತ್ತಿರ ಮುಚ್ಚಿಡುವುದೇನು? ಎಸ್ಸೆಸ್ಸೆಲ್ಸಿ ಪಾಸಾದಾಗ ಅಪ್ಪ ಕೊಡಿಸಿದ ವಾಚು ಅದು. ತೊಂಬತ್ತರ ದಶಕದಲ್ಲಿ ರಿಪೇರಿಗೆ ಕೊಟ್ಟೆ. ಹೊಸ ಸೆಲ್ ವಾಚಿನ ಗತ್ತಿನಲ್ಲಿ ಮರೆತೇಬಿಟ್ಟೆ. ಅಪ್ಪ ಕೇಳಿದಾಗ ಬೈಗುಳಕ್ಕೆ ಹೆದರಿ, "ಅಂಗಡಿಯವ್ರು ಕಳೆದುಬಿಟ್ರು" ಎಂದೆ. ಅಪ್ಪ ನಂಬಿದರು. ಆ ಅಂಗಡಿಗೆ ಹೋಗಬೇಡಿ ಎಂದು ಊರಿಗೆಲ್ಲ ಸಾರಿದರು. ತಮ್ಮ ವಾಚು ಕೆಟ್ಟರೆ ತುಮಕೂರು ದಾಟಿ ಕುಣಿಗಲ್ಲಿಗೆ ಒಯ್ಯುತ್ತಿದ್ದರು. ಸಾಹೇಬರ ಅನ್ನಕ್ಕೆ ನಾನೂ ಒಂದು ಕಲ್ಲು ಹಾಕಿದ್ದೆ.

"ಇದು ನಂದೇ" ಎಂದೆ. ಎಕ್ಸ್‌ಪರ್ಟಿನ ದನಿ ಇಳಿದುಹೋಗಿತ್ತು.

"ಮೇಷ್ಟ್ರ ಮಗಾನಾ?" ಸಾಹೇಬರ ಮುಖ ಅರಳಿತು. "ಅವರೂ ಬರೋದು ಬಿಟ್ಬಿಟ್ರಲ್ಲ. ಆರಾಮಾಗವ್ರಾ?"

ಅವರು ಮೊಳೆಯಿಂದ ತೆಗೆದು ಕೈಗಿಟ್ಟ ವಾಚು ಹಿಡಿದು ನಾಚಿಕೆಯಲ್ಲಿ ಕುಗ್ಗಿಹೋದೆ. ಆ ವಾರವೇ ಹಾಗಲವಾಡಿಗೆ ಹೋಗಿ ಅಪ್ಪನ ಮುಂದೆ ಎಲ್ಲ ಒಪ್ಪಿಕೊಂಡೆ. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಬೆಳಗಾಗುತ್ತಲೇ, "ಚಪ್ಪಲಿ ಮೆಟ್ಕೊಳ್ಳೋ, ನಡಿ ಬಟವಾಡಿಗೆ" ಎಂದರು.

ಅಂಗಡಿಯಲ್ಲಿ ನನ್ನನ್ನು ಮುಂದೆ ನಿಲ್ಲಿಸಿ, "ಹೇಳು" ಎಂದರು. ಹೇಳಿದೆ. ಆಗ ಅಪ್ಪ ತಮ್ಮ ಕೈಯಲ್ಲಿದ್ದ ವಾಚು ಬಿಚ್ಚಿ ಮುಂದಿಟ್ಟರು. "ಸಾಹೇಬ್ರೆ, ಇದು ಯಾಕೋ ಹಿಂದೆ ಬೀಳ್ತಾ ಇದೆ. ಸ್ವಲ್ಪ ನೋಡಿ."

ಅದು ಒಂದು ನಿಮಿಷವೂ ಹಿಂದಿರಲಿಲ್ಲ. ಬೆಳಿಗ್ಗೆ ತಾನೇ ರೇಡಿಯೋ ವಾರ್ತೆಗೆ ಅಪ್ಪ ಅದನ್ನು ಸರಿಮಾಡಿಕೊಂಡಿದ್ದನ್ನು ನೋಡಿದ್ದೆ.

ಸಾಹೇಬರು ವಾಚನ್ನು ಕಿವಿಗೆ ಹಿಡಿದು, ಗೋಡೆಯ ವಾಚುಗಳನ್ನೊಮ್ಮೆ ನೋಡಿದರು. ಅಪ್ಪನ ಮುಖ ನೋಡಿದರು. ಆಮೇಲೆ ಚೀಟಿ ಹರಿದು ಬರೆದರು: ಹಾಗಲವಾಡಿ ಮೇಷ್ಟ್ರು.

"ಹೌದು, ಹಿಂದೆ ಬಿದ್ದಿದೆ. ಎರಡು ದಿನ ಬಿಟ್ಕೊಂಡು ಬನ್ನಿ, ಸರಿಯಾಗ್ತದೆ."

ಮದುವೆಗೆ ಮುಂಚಿನ ಈ ಕಥೆಯನ್ನು ಹೆಂಡತಿಗೆ ಹೇಳಿರಲಿಲ್ಲ, ಗತ್ತು ಹೋಗುತ್ತದೆಂದು. ಇವತ್ತು ಹೇಳಿಬಿಟ್ಟೆ. ಅವಳು ಕಾಫಿ ಲೋಟ ಪಕ್ಕಕ್ಕಿಟ್ಟು ಕೈಚಾಚಿದಳು.

"ಕೊಡಿ ಇಲ್ಲಿ. ಇವತ್ತು ನಾನು ಕೀ ಕೊಡ್ತೀನಿ."